ಆಟದ ಪೆಟ್ಟಿಗೆಯ ಜೊತೆಗೆ ಬಂದದ್ದು

ಕಳೆದ ದೀಪಾವಳಿ ಹೊತ್ತಿಗೆ ಮಿಕ್ಸಿ ಕೊಳ್ಳಲೆಂದು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದವಳು ಟಿ.ವಿ.ಗಳ ಸಾಲಿನ ಎದುರು ನಿಂತುಬಿಟ್ಟೆ. ಗೋಡೆಯಗಲದ ಪರದೆಯ ಮೇಲೆ ಸ್ಪೈಡರ್‌ಮ್ಯಾನ್ ಕಟ್ಟಡದಿಂದ ಕಟ್ಟಡಕ್ಕೆ ಜೀಕುತ್ತಿದ್ದ. ಕೆಳಗೆ ಬಿಳಿ ಬಣ್ಣದ ಪ್ಲೇಸ್ಟೇಷನ್ 5. ಮಗಳ ಜೊತೆ ಬಂದಿದ್ದ ಒಬ್ಬರು ಸೇಲ್ಸ್ ಹುಡುಗನಿಗೆ, "ನಮ್ಮನೇಲಿ ಯಾರೂ ಗೇಮ್ ಆಡಲ್ಲಪ್ಪ, ಟಿ.ವಿ. ಎಷ್ಟಾಗತ್ತೆ ಅಷ್ಟು ಹೇಳು" ಎಂದರು. ಹುಡುಗ, "ಇದು ಮಾರೋಕಲ್ಲ ಸರ್, ಪಿಕ್ಚರ್ ತೋರ್ಸೋಕೆ. ಇದರಲ್ಲಿ ಕಂಡಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಕಾಣಲ್ಲ" ಎಂದ. ಮಗಳು ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ, ಕೆಳಗಿನ ಪೆಟ್ಟಿಗೆಯನ್ನು ನೋಡುತ್ತಿದ್ದಳು.

ಆ ಹುಡುಗ ಹೇಳಿದ್ದನ್ನೇ 2007ರಲ್ಲಿ ನಾನು ಇದೇ ಊರಿನ ಇನ್ನೊಂದು ಅಂಗಡಿಯಲ್ಲಿ, ಸಮವಸ್ತ್ರ ಹಾಕಿಕೊಂಡು, ಗಿರಾಕಿಗಳಿಗೆ ಹೇಳುತ್ತಿದ್ದೆ. ಆಗ ಮೇಜಿನ ಮೇಲಿದ್ದದ್ದು ಪ್ಲೇಸ್ಟೇಷನ್ 3.

ಮನೆಯ ಮನರಂಜನೆಗೆ ಹೊಸ ತಂತ್ರಜ್ಞಾನ ಬರುವುದು ಆಟದ ಯಂತ್ರದ ಹಿಂದೆಯೇ ಎಂಬುದು ಆ ವ್ಯಾಪಾರದಲ್ಲಿ ಇರುವವರೆಲ್ಲ ಒಪ್ಪಿಕೊಂಡ ಮಾತು. ಡಿವಿಡಿಯನ್ನು ಮನೆಮನೆಗೆ ಮುಟ್ಟಿಸಿದ್ದು ಪ್ಲೇಸ್ಟೇಷನ್ 2, ಬ್ಲೂ-ರೇಯನ್ನು ಗೆಲ್ಲಿಸಿದ್ದು ಪ್ಲೇಸ್ಟೇಷನ್ 3 ಎನ್ನುತ್ತಾರೆ. ಈ ಮಾತನ್ನು ನಾನು ಕೌಂಟರಿನ ಒಳಗಿನಿಂದ ನೋಡಿದ್ದೇನೆ. ಅದಕ್ಕೂ ಮೊದಲು, ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ, ಟಿ.ವಿ.ಯ ಹಿಂಬದಿಗೆ ಕೈಹಾಕುತ್ತ ಬೆಳೆದವಳಾಗಿ ಹೊರಗಿನಿಂದಲೂ ನೋಡಿದ್ದೇನೆ. ನನಗೆ ಅದು ಅರ್ಧ ನಿಜ ಅನಿಸುತ್ತದೆ. ಉಳಿದ ಅರ್ಧದಲ್ಲಿ ನಮ್ಮಂಥವರ ಮನೆಗಳಿವೆ, ಅವುಗಳ ಕತೆಯನ್ನು ಯಾರೂ ಬರೆದಿಟ್ಟಿಲ್ಲ.

ನಮ್ಮ ಪೇಟೆ ಇದ್ದದ್ದು ಕುಂದಾಪುರಕ್ಕೂ ಭಟ್ಕಳಕ್ಕೂ ನಡುವೆ. ಆ ಕಾಲದಲ್ಲಿ ಅಲ್ಲಿಗೆ ಹೊಸ ಯಂತ್ರಗಳು ಬೆಂಗಳೂರಿನಿಂದ ಬರುತ್ತಿರಲಿಲ್ಲ, ಕೊಲ್ಲಿಯಿಂದ ಬರುತ್ತಿದ್ದವು. ಪ್ರತಿ ಕೇರಿಯಲ್ಲೂ ದುಬೈಯಲ್ಲೋ ಬಹ್ರೇನಿನಲ್ಲೋ ಇರುವ ಒಬ್ಬರಾದರೂ ಇರುತ್ತಿದ್ದರು. ಅವರು ರಜೆಗೆ ಬಂದಾಗ ಹಗ್ಗ ಬಿಗಿದ ದೊಡ್ಡ ರಟ್ಟಿನ ಪೆಟ್ಟಿಗೆ ಬಾಡಿಗೆ ಕಾರಿನ ಮೇಲಿಂದ ಇಳಿಯುತ್ತಿತ್ತು. ಟೇಪ್ ರೆಕಾರ್ಡರ್ ಹಾಗೆ ಬಂತು, ವಿ.ಸಿ.ಆರ್. ಹಾಗೆ ಬಂತು. ಭಟ್ಕಳದ ಅಂಗಡಿಗಳಲ್ಲಿ ಅಂಥ ಸಾಮಾನು ದುಡ್ಡಿಗೂ ಸಿಗುತ್ತಿತ್ತು. ನಮ್ಮ ಚಿಕ್ಕಪ್ಪ ಬಹ್ರೇನಿನಲ್ಲಿದ್ದರು. ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಅವರ ಪೆಟ್ಟಿಗೆಯೊಳಗೆ, ಸೀರೆ ಮತ್ತು ಹಾಲಿನ ಪುಡಿ ಡಬ್ಬಿಗಳ ನಡುವೆ, ಬಿಳಿ–ಕೆಂಪು ಬಣ್ಣದ ಒಂದು ಆಟದ ಯಂತ್ರ ಕುಳಿತಿತ್ತು.

ಅದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅದು ಬರಿಯ 'ಟಿ.ವಿ. ಗೇಮ್'. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಅಚ್ಚಾಗಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯ ಆಟಗಳು, ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಮಾರಿಯೊ, ಕಾಂಟ್ರಾ, ಬೈಕಿನ ರೇಸು, ಬಂದೂಕು ಹಿಡಿದು ಬಾತುಕೋಳಿ ಹೊಡೆಯುವುದು. ಯಾರಿಗೂ ಅದು ಕಡಿಮೆ ಅನಿಸಲಿಲ್ಲ.

ಆದರೆ ಆಟ ಶುರುವಾಗುವ ಮೊದಲು ಟಿ.ವಿ.ಯನ್ನು ಒಪ್ಪಿಸಬೇಕಿತ್ತು. ನಮ್ಮ ಟಿ.ವಿ.ಗೆ ಹೊರಗಿನಿಂದ ಚಿತ್ರ ಕೊಡಲು ಇದ್ದದ್ದು ಒಂದೇ ದಾರಿ, ಹಿಂದಿನ ಆಂಟೆನಾ ತೂತು. ಆಂಟೆನಾದ ವೈರು ಕಿತ್ತು, ಯಂತ್ರದ ಜೊತೆ ಬಂದ ಪುಟ್ಟ ಡಬ್ಬಿಯನ್ನು ಅಲ್ಲಿ ಸಿಕ್ಕಿಸಿ, ಅದರ ಗುಂಡಿಯನ್ನು 'ಟಿ.ವಿ.'ಯಿಂದ 'ಗೇಮ್' ಕಡೆಗೆ ಸರಿಸಬೇಕು. ಆಮೇಲೆ ಟಿ.ವಿ.ಯ ಮುಂಭಾಗದ ಮುಚ್ಚಳ ತೆಗೆದು, ಒಳಗಿನ ಸಣ್ಣ ಹಲ್ಲಿನ ಗಾಲಿಯನ್ನು ಉಗುರಿನಿಂದ ತಿರುಗಿಸುತ್ತ, ಚುಕ್ಕಿಗಳ ಗದ್ದಲದೊಳಗೆ ಆ ಯಂತ್ರದ ಚಿತ್ರ ಎಲ್ಲಿ ಅಡಗಿದೆ ಎಂದು ಹುಡುಕಬೇಕು. ಒಂದು ಕೂದಲೆಳೆ ಹೆಚ್ಚು ತಿರುಗಿಸಿದರೆ ಬಣ್ಣ ಹೋಗುತ್ತಿತ್ತು, ಕಡಿಮೆಯಾದರೆ ಸದ್ದು ಹೋಗುತ್ತಿತ್ತು. ಅಣ್ಣಂದಿರ ದಪ್ಪ ಬೆರಳಿಗೆ ಅದು ಬಗ್ಗುತ್ತಿರಲಿಲ್ಲ. ಅದು ನನ್ನ ಕೆಲಸವಾಯಿತು.

ಟ್ಯೂನ್ ಮಾಡುವುದು ನಾನು, ಆಡುವುದು ಅವರು. ಆ ಯಂತ್ರಕ್ಕೆ ಎರಡು ಕಂಟ್ರೋಲರ್ ಇದ್ದವು. ಮೊದಲನೆಯದರ ನಡುವೆ 'ಸ್ಟಾರ್ಟ್' 'ಸೆಲೆಕ್ಟ್' ಎಂಬ ಎರಡು ಗುಂಡಿ, ಎರಡನೆಯದರಲ್ಲಿ ಆ ಗುಂಡಿಗಳೇ ಇಲ್ಲ. ಮೂಲ ಜಪಾನಿ ಯಂತ್ರದಲ್ಲೂ ಹಾಗೆಯೇ ಇತ್ತು, ನಕಲು ಮಾಡಿದವರು ಅದನ್ನೂ ನಕಲು ಮಾಡಿದ್ದರು. ಎರಡನೆಯದು ಯಾವಾಗಲೂ ನನ್ನ ಮತ್ತು ಪಕ್ಕದ ಮನೆಯ ಗೆಳತಿಯ ಕೈಗೆ ಬರುತ್ತಿತ್ತು. ಆಟ ಯಾವುದು, ಯಾವಾಗ ಶುರು, ಯಾವಾಗ ನಿಲ್ಲಿಸುವುದು, ಎಲ್ಲ ಮೊದಲನೆಯದನ್ನು ಹಿಡಿದವರ ಮರ್ಜಿ. ಅಣ್ಣಂದಿರು ಕೆಟ್ಟವರಲ್ಲ, ಈಗಲೂ ನನಗೆ ಅವರ ಮೇಲೆ ಪ್ರೀತಿಯೇ. ಆದರೂ ಆ ಬೇಸಿಗೆಗಳನ್ನು ನೆನೆದಾಗ ಬರಿಯ ಸಂತೋಷವನ್ನಷ್ಟೇ ಬರೆದರೆ ಸುಳ್ಳು ಬರೆದಂತೆ. ನಮ್ಮ ಮನೆಯಲ್ಲಿ ಹೊಸ ಯಂತ್ರ ಯಾರ ಕೈಗೆ ಹೋಗಬೇಕು ಎಂಬುದು ಪೆಟ್ಟಿಗೆ ಬಿಚ್ಚುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಅಜ್ಜಿಗೆ ಭಯ. "ಟಿ.ವಿ. ಹಾಳಾತ್ ಮಕ್ಳೆ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂಬ ನಂಬಿಕೆ ಪೇಟೆಯ ತುಂಬ ಇತ್ತು. ರಿಪೇರಿಯವರೂ ಅದಕ್ಕೆ ತಲೆಯಾಡಿಸುತ್ತಿದ್ದರು. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಗಾಜಿನ ಒಳಬದಿಯ ಫಾಸ್ಫರ್ ಲೇಪದ ಮೇಲೆ ಕಲೆ ಉಳಿಯುವುದು ನಿಜ, ಆದರೆ ಮಕ್ಕಳು ಆಡುವಷ್ಟಕ್ಕೆ ಟ್ಯೂಬ್ ಹೋಗುತ್ತಿರಲಿಲ್ಲ. ಅಜ್ಜಿಯ ಭಯದ ಮೂಲ ಬೇರೆ ಇತ್ತು ಅಂತ ಈಗ ಕಾಣುತ್ತದೆ. ಟಿ.ವಿ. ಎಂದರೆ ಎಲ್ಲರೂ ಎದುರು ಕುಳಿತು, ಬಂದದ್ದನ್ನು ನೋಡುವ ವಸ್ತು. ಭಾನುವಾರದ ಸಿನಿಮಾ, ರಾತ್ರಿಯ ವಾರ್ತೆ. ಅದರ ಬೆನ್ನಿಗೆ ಕೈಹಾಕಿ, ತಮಗೆ ಬೇಕಾದ್ದನ್ನು ಅದರಲ್ಲಿ ಬರಿಸಬಹುದು ಎಂದು ಮಕ್ಕಳು ಕಂಡುಕೊಂಡದ್ದು ಅವರಿಗೆ ಸರಿಕಾಣಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಟಿ.ವಿ. ತನ್ನ ವಯಸ್ಸಿಗೆ ತಾನೇ ಹೋಯಿತು. ಅಪ್ಪ ಹೊಸದು ತರಲು ಕುಂದಾಪುರಕ್ಕೆ ಹೊರಟಾಗ ಅಣ್ಣ ಒಂದು ಚೀಟಿ ಬರೆದುಕೊಟ್ಟ: ಮುಂಭಾಗದಲ್ಲೇ ವಿಡಿಯೋ ಪಿನ್ ಇರಬೇಕು. ಹಳದಿ, ಬಿಳಿ ಪಿನ್ನು ನೇರ ಸಿಕ್ಕಿಸಿದರೆ ಟ್ಯೂನ್ ಮಾಡುವ ಗೋಳಿಲ್ಲ, ಚಿತ್ರವೂ ನಿಚ್ಚಳ. ಅಪ್ಪ ಅಂಗಡಿಯಲ್ಲಿ ಆ ಚೀಟಿ ತೋರಿಸಿ, ಅದು ಇದ್ದ ಟಿ.ವಿ.ಯನ್ನೇ ತಂದರು. ನಮ್ಮ ಮನೆಯಲ್ಲಿ ಒಂದು ಯಂತ್ರದೊಳಗೆ ಏನಿರಬೇಕು ಎಂದು ಮಕ್ಕಳು ಹೇಳಿ ದೊಡ್ಡವರು ಕೇಳಿದ್ದು ಅದೇ ಮೊದಲು. ಆಟದ ಪೆಟ್ಟಿಗೆ ಮನೆಗೆ ಏನನ್ನು ತರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಡಿವಿಡಿಯಲ್ಲ, ಆ ಚೀಟಿ.

ಅಷ್ಟು ಹೊತ್ತಿಗೆ ಪೇಟೆಗೆ ಸಿ.ಡಿ. ಬಂತು. ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಕ್ಯಾಸೆಟ್ ಲೈಬ್ರರಿ ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಕ್ಯಾಸೆಟ್ ಅಣ್ಣ ಎನ್ನುತ್ತಿದ್ದೆವು. ಮದುವೆ ಮುಗಿದ ರಾತ್ರಿ, ಚೌತಿಯ ರಾತ್ರಿ ಅವರಲ್ಲಿಂದ ಬಾಡಿಗೆಗೆ ವಿ.ಸಿ.ಪಿ. ಮತ್ತು ಮೂರು ಕ್ಯಾಸೆಟ್ ತಂದು ಬೆಳಗಿನ ತನಕ ನೋಡುವುದು ರೂಢಿ. ಟಿ.ವಿ. ಗೇಮಿನ ಕ್ಯಾಸೆಟ್ಟುಗಳನ್ನೂ ಅವರು ಬಾಡಿಗೆಗೆ ಕೊಡುತ್ತಿದ್ದರು. ನಮ್ಮದನ್ನು ಅವರಿಗೆ ಕೊಟ್ಟು ಬೇರೆಯದು ತಂದುಕೊಳ್ಳುವ ಬದಲಾವಣೆ ಲೆಕ್ಕವೂ ನಡೆಯುತ್ತಿತ್ತು. ವಿ.ಸಿ.ಡಿ. ಬಂದ ಮೇಲೆ ಅವರ ಅಂಗಡಿಯ ಗೋಡೆ ಬದಲಾಯಿತು, ಕಪ್ಪು ಕ್ಯಾಸೆಟ್ಟುಗಳ ಜಾಗದಲ್ಲಿ ಹೊಳೆಯುವ ಬಿಲ್ಲೆಗಳು.

ಜಪಾನ್, ಅಮೆರಿಕಗಳಲ್ಲಿ ವಿ.ಸಿ.ಡಿ.ಗೆ ಅಂಥ ಬೆಲೆ ಬರಲೇ ಇಲ್ಲ. ಅದರ ಚಿತ್ರ ಹಳೆಯ ವಿ.ಎಚ್.ಎಸ್. ಕ್ಯಾಸೆಟ್ಟಿನ ಮಟ್ಟದ್ದೇ, ಅಗಲಕ್ಕೆ 352 ಎತ್ತರಕ್ಕೆ 288 ಚುಕ್ಕಿಗಳು ಅಷ್ಟೇ. ಒಂದು ಬಿಲ್ಲೆಯಲ್ಲಿ ಹಿಡಿಸುವುದು ಸುಮಾರು 74 ನಿಮಿಷ, ಹಾಗಾಗಿ ಕನ್ನಡ ಸಿನಿಮಾ ನೋಡಲು ನಡುವೆ ಎದ್ದು ಬಿಲ್ಲೆ ಬದಲಿಸಬೇಕು. ಆದರೆ ಅಗ್ಗ. ನಕಲು ಮಾಡುವುದು ಸುಲಭ. ನಮ್ಮ ಕಡೆ ಅದರ ಜೊತೆಗೆ ಇನ್ನೊಂದು ಕಾರಣ ಸೇರಿತು: ಯಕ್ಷಗಾನ. ಅಷ್ಟರತನಕ ಪ್ರಸಂಗಗಳು ಆಡಿಯೋ ಕ್ಯಾಸೆಟ್ಟಿನಲ್ಲಿ ಸಿಗುತ್ತಿದ್ದವು, ಅಜ್ಜಿ ಭಾಗವತರ ಪದ ಕೇಳುತ್ತ ಬತ್ತಿ ಹೊಸೆಯುತ್ತಿದ್ದರು. ವಿ.ಸಿ.ಡಿ.ಯಲ್ಲಿ ವೇಷವೂ ಕಂಡಿತು. ಪಿಕ್ಚರ್ ಟ್ಯೂಬಿಗೆ ಹೆದರುತ್ತಿದ್ದ ಅದೇ ಅಜ್ಜಿ, "ಆ ಪ್ಲೇಯರ್ ಒಂದು ಎಷ್ಟಾತ್?" ಎಂದು ಅಪ್ಪನನ್ನು ಕೇಳಿದರು. ಅಜ್ಜಿ ಕೇಳಿದ ಮೇಲೆ ಅಪ್ಪ ತಡಮಾಡಲಿಲ್ಲ.

ಆ ಪ್ಲೇಯರುಗಳಲ್ಲಿ ಹಲವಕ್ಕೆ ಮುಂದೆ ಎರಡು ಜಾಯ್‌ಸ್ಟಿಕ್ ತೂತುಗಳಿದ್ದವು. ಚೀನಾದಿಂದ ಬಿಡಿಭಾಗ ತಂದು ಜೋಡಿಸಿದ ಅಗ್ಗದ ವಿ.ಸಿ.ಡಿ., ಮುಂದೆ ಡಿವಿಡಿ ಪ್ಲೇಯರುಗಳ ಜೊತೆ ಎರಡು ಜಾಯ್‌ಸ್ಟಿಕ್ ಮತ್ತು ಒಂದು ಆಟದ ಬಿಲ್ಲೆ ಬರುತ್ತಿತ್ತು. ಬಿಲ್ಲೆ ಹಾಕಿದರೆ ಅವೇ ಹಳೆಯ ಮಾರಿಯೊ, ಅದೇ ಬೈಕು. ಜಪಾನಿನಲ್ಲಿ ಆಟದ ಯಂತ್ರದೊಳಗೆ ಸಿನಿಮಾ ಪ್ಲೇಯರ್ ಅವಿತು ಬಂದಿದ್ದರೆ, ನಮ್ಮಲ್ಲಿ ಸಿನಿಮಾ ಪ್ಲೇಯರಿನೊಳಗೆ ಆಟ ಅವಿತು ಬಂದಿತ್ತು.

ಜಪಾನಿನ ಕತೆಯನ್ನು ಇಲ್ಲೇ ಹೇಳಿಬಿಡಬೇಕು. ಅಲ್ಲಿ ಡಿವಿಡಿ ಪ್ಲೇಯರುಗಳು ಮಾರುಕಟ್ಟೆಗೆ ಬಂದದ್ದು 1996ರ ಕೊನೆಗೆ. ಮೂರು ವರ್ಷ ಕಳೆದರೂ ಹೆಚ್ಚಿನ ಮನೆಗಳು ಕ್ಯಾಸೆಟ್ಟಿನಲ್ಲೇ ಇದ್ದವು. 2000ದ ಮಾರ್ಚ್ 4ರಂದು ಸೋನಿ ಪ್ಲೇಸ್ಟೇಷನ್ 2 ಬಿಟ್ಟಿತು, ಬೆಲೆ 39,800 ಯೆನ್. ಅಂಗಡಿಯಲ್ಲಿದ್ದ ಅನೇಕ ಡಿವಿಡಿ ಪ್ಲೇಯರುಗಳ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಅಥವಾ ಇನ್ನೂ ಜಾಸ್ತಿ. ಆರಂಭದ ತಿಂಗಳುಗಳಲ್ಲಿ ಹೇಳಿಕೊಳ್ಳುವಂಥ ಆಟಗಳು ಅದಕ್ಕೆ ಇರಲಿಲ್ಲ. ಹಾಗಾಗಿ ಕೊಂಡವರು ಸಿನಿಮಾ ನೋಡಿದರು, 'ದಿ ಮೇಟ್ರಿಕ್ಸ್' ಚಿತ್ರದ ಡಿವಿಡಿ ಭರ್ಜರಿಯಾಗಿ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 299 ಡಾಲರಿಗೆ ಯಂತ್ರ ಅಮೆರಿಕಕ್ಕೆ ಬಂತು. ಆಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಮನೆಯಾಕೆಯನ್ನು ಒಪ್ಪಿಸಿದ್ದು, "ಡಿವಿಡಿ ಪ್ಲೇಯರ್ ಹೇಗೂ ತಗೊಳ್ಬೇಕಲ್ಲ, ಇದರಲ್ಲಿ ಅದೂ ಉಂಟು" ಎಂದು. ಅಂಥ ಒಪ್ಪಂದ ಎಷ್ಟು ಲಕ್ಷ ಮನೆಗಳಲ್ಲಿ ಆಗಿರಬೇಕು! ಆ ಯಂತ್ರ ಕೊನೆಗೆ 15.5 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಷ್ಟಾದರೂ ಡಿವಿಡಿಯ ಗೆಲುವನ್ನೆಲ್ಲ ಅದರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಅಮೆರಿಕದಲ್ಲಿ ಡಿವಿಡಿ ಅಷ್ಟು ಹೊತ್ತಿಗೆ ತಾನಾಗಿಯೇ ಓಡುತ್ತಿತ್ತು. ಪ್ಲೇಯರುಗಳ ಬೆಲೆ ವರ್ಷ ವರ್ಷ ಇಳಿಯುತ್ತಿತ್ತು. ಭಾರತದಲ್ಲಂತೂ ಆ ಯಂತ್ರದ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಡಿವಿಡಿಯನ್ನು ಹಳ್ಳಿಗೆ ಮುಟ್ಟಿಸಿದ್ದು ಹೆಸರಿಲ್ಲದ ಅಗ್ಗದ ಪ್ಲೇಯರುಗಳು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿವಿಡಿ ಕೊಡತೊಡಗಿದಾಗ ಉಳಿದ ಅಡ್ಡಿಯೂ ಹೋಯಿತು.

ನಾನು ಆ ವೇಳೆಗೆ ಬೆಂಗಳೂರಿನ ಕೌಂಟರಿನಲ್ಲಿದ್ದೆ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಮುಗಿಸಿದವಳಿಗೆ ಸಿಕ್ಕ ಕೆಲಸ ಟಿ.ವಿ. ವಿಭಾಗದಲ್ಲಿ ಸೇಲ್ಸ್. 2006ರ ಸೆಪ್ಟೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಭಾರತಕ್ಕೆ ಬಂತು, 2007ರ ಏಪ್ರಿಲಿನಲ್ಲಿ ಪ್ಲೇಸ್ಟೇಷನ್ 3, ಬೆಲೆ 39,990 ರೂಪಾಯಿ. ನನ್ನ ಹಲವು ತಿಂಗಳ ಸಂಬಳ. ಅದನ್ನು ಕೊಳ್ಳಲೆಂದೇ ಬರುವವರು ವಿರಳ. ಆದರೂ ಅದು ಬಂದ ವಾರವೇ ಮ್ಯಾನೇಜರರು ಒಂದನ್ನು ಪೆಟ್ಟಿಗೆಯಿಂದ ತೆಗೆಸಿ ದೊಡ್ಡ ಎಲ್.ಸಿ.ಡಿ. ಕೆಳಗೆ ಇಡಿಸಿದರು. ಲಕ್ಷ ದಾಟುವ ಆ 'ಫುಲ್ ಎಚ್.ಡಿ.' ಪರದೆಗೆ ತಕ್ಕ ಚಿತ್ರ ಕೊಡಬಲ್ಲ ವಸ್ತು ಅಂಗಡಿಯಲ್ಲಿ ಬೇರೆ ಇರಲಿಲ್ಲ. ಹೊತ್ತು ಹೊತ್ತಿಗೆ ರೇಸಿನ ಆಟ, ಮಧ್ಯೆ ಬ್ಲೂ-ರೇಯಲ್ಲಿ 'ಕ್ಯಾಸಿನೊ ರಾಯಲ್'. ನೋಡಿದವರು ಬಾಯಿ ತೆರೆದು ನಿಲ್ಲುತ್ತಿದ್ದರು. ನಿಂತವರಲ್ಲಿ ಹಲವರು ಟಿ.ವಿ. ಕೊಂಡರು. ಪ್ಲೇಸ್ಟೇಷನ್ ಅಲ್ಲೇ ಉಳಿಯಿತು.

ಈಗ ಆ ಮಾರಾಟದ ಬಗ್ಗೆ ನೇರವಾಗಿ ಹೇಳಬೇಕು. ಕೊಂಡ ಟಿ.ವಿ. ಮನೆಗೆ ಹೋದ ಮೇಲೆ ಅದಕ್ಕೆ ಸಿಗುತ್ತಿದ್ದದ್ದು ಕೇಬಲ್‌ನವನ ವೈರು. ಆ ಮಸುಕು ಚಿತ್ರವನ್ನು ನಲವತ್ತು ಇಂಚಿಗೆ ಹಿಗ್ಗಿಸಿದರೆ ಹಳೆಯ ಟ್ಯೂಬ್ ಟಿ.ವಿ.ಗಿಂತ ಕೆಟ್ಟದಾಗಿ ಕಾಣುತ್ತಿತ್ತು. ದೇಶದಲ್ಲಿ ಎಚ್.ಡಿ. ಪ್ರಸಾರ ಕಣ್ಣಿಗೆ ಬಿದ್ದದ್ದೇ 2010ರಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್.ಡಿ.ಯಲ್ಲಿ ತೋರಿಸಿದ ವರ್ಷ. ಅದಕ್ಕೆ ಮೊದಲು ಆ ಟಿ.ವಿ. ಮಾರಿದವರೆಲ್ಲ, ಪೇಟೆಯ ತುಂಬ, ನೋಡಲು ಏನೂ ಇಲ್ಲದ ಪರದೆಯನ್ನು ಆಟದ ಯಂತ್ರದ ಚಿತ್ರ ತೋರಿಸಿ ಮಾರಿದರು. ವಾರದೊಳಗೆ ದೂರು ಹೇಳುತ್ತ ಬಂದ ಒಬ್ಬ ನಿವೃತ್ತ ಮೇಷ್ಟ್ರ ಮುಖ ನನಗಿನ್ನೂ ನೆನಪಿದೆ. "ನೀವು ತೋರ್ಸಿದ್ದು ಇದೇ ಟಿ.ವಿ.ನೇನಮ್ಮಾ?" ಎಂದು ಅವರು ಕೇಳಿದರು. ಟಿ.ವಿ. ಅದೇ. ಅದಕ್ಕೆ ಉಣಿಸಿದ್ದು ಬೇರೆ. ಆಟದ ಯಂತ್ರ ಹೊಸ ತಂತ್ರಜ್ಞಾನವನ್ನು ತಾನು ಜೊತೆಗೆ ಬಾರದ ಮನೆಗೂ ಹೀಗೆ ತಳ್ಳಬಲ್ಲದು. ಇದು ಆ ವ್ಯಾಪಾರದವರ ಹೊಗಳಿಕೆಯ ಕತೆಗಳಲ್ಲಿ ಬರುವುದಿಲ್ಲ.

ಯಂತ್ರವನ್ನೂ ಕೊಂಡವರ ಪಾಡು ಇನ್ನೊಂದು. ಪ್ಲೇಸ್ಟೇಷನ್ 3ರ ಬೆನ್ನಲ್ಲಿ ಎಚ್.ಡಿ.ಎಂ.ಐ. ಕಿಂಡಿ ಇತ್ತು, ಪೆಟ್ಟಿಗೆಯಲ್ಲಿ ಆ ಕೇಬಲ್ ಇರಲಿಲ್ಲ. ಜೊತೆಗೆ ಬರುತ್ತಿದ್ದದ್ದು ಹಳದಿ–ಬಿಳಿ–ಕೆಂಪು ಪಿನ್ನಿನ ಹಳೆಯ ವೈರು. ನಲವತ್ತು ಸಾವಿರದ ಯಂತ್ರ, ಲಕ್ಷದ ಟಿ.ವಿ., ನಡುವೆ ನಮ್ಮ ಬಾಲ್ಯದ ಆ ಹಳದಿ ಪಿನ್ನು. ಅದರಲ್ಲಿ ಎಚ್.ಡಿ. ಹರಿಯುವುದೇ ಇಲ್ಲ. ಕೊಂಡವರಿಗೆಲ್ಲ ಬಿಡಿ ಕೇಬಲ್ ಕೊಳ್ಳಲು ಹೇಳುವುದು, ಟಿ.ವಿ.ಯ ಹಿಂದೆ ಬಾಗಿ ಅದನ್ನು ಎಲ್ಲಿ ಸಿಕ್ಕಿಸಬೇಕೆಂದು ತೋರಿಸುವುದು ನನ್ನ ಪಾಲಿನ ಕೆಲಸ. ಎಷ್ಟೋ ಜನ ನಾನು ಬಾಯಿ ತೆರೆಯುವ ಮೊದಲೇ, "ಹುಡುಗರು ಯಾರಾದ್ರೂ ಇದ್ರೆ ಕರೀರಿ" ಎನ್ನುತ್ತಿದ್ದರು. ಕರೆಸಿದ ಹುಡುಗ ನನ್ನನ್ನೇ ಕೇಳಿ ಅವರಿಗೆ ಹೇಳುತ್ತಿದ್ದ. ಅದು ಆಗ ನೋಯಿಸಿತ್ತು, ಈಗ ಬರೆಯುವಾಗಲೂ ನೋಯುತ್ತದೆ.

ಅದೇ ಕಾಲಕ್ಕೆ ಹೊರಗೆ ದೊಡ್ಡ ಜಗಳ ನಡೆದಿತ್ತು. ಡಿವಿಡಿಯ ಮುಂದಿನ ಬಿಲ್ಲೆ ಯಾವುದು? ಸೋನಿ ಮತ್ತು ಜೊತೆಗಾರರ ಬ್ಲೂ-ರೇಯೋ, ತೊಷಿಬಾದ ಎಚ್.ಡಿ. ಡಿವಿಡಿಯೋ? ಎರಡರಲ್ಲೂ ನೀಲಿ-ನೇರಳೆ ಲೇಸರ್, ಎರಡೂ ಡಿವಿಡಿಯ 4.7 ಗಿಗಾಬೈಟಿಗಿಂತ ಎಷ್ಟೋ ಪಾಲು ಹೆಚ್ಚು ಹಿಡಿಯುತ್ತಿದ್ದವು; ಬ್ಲೂ-ರೇಯ ಒಂದು ಪದರದಲ್ಲೇ 25 ಗಿಗಾಬೈಟ್. ಸೋನಿ ತನ್ನ ಬಿಲ್ಲೆಯ ಯಂತ್ರವನ್ನು ಪ್ಲೇಸ್ಟೇಷನ್ 3ರ ಒಳಗೇ ಕೂರಿಸಿತು. ಅಮೆರಿಕದಲ್ಲಿ ಬಿಡಿ ಬ್ಲೂ-ರೇ ಪ್ಲೇಯರುಗಳು ಸಾವಿರ ಡಾಲರಿನ ಆಸುಪಾಸಿನಲ್ಲಿದ್ದಾಗ ಈ ಯಂತ್ರ 499 ಮತ್ತು 599 ಡಾಲರಿಗೆ, ಕಂಪನಿಗೆ ನಷ್ಟವಾಗುವ ಬೆಲೆಗೆ, ಸಿಕ್ಕಿತು. ಮೈಕ್ರೋಸಾಫ್ಟ್ ಎಚ್.ಡಿ. ಡಿವಿಡಿ ಕಡೆ ನಿಂತರೂ ಅದನ್ನು ಎಕ್ಸ್‌ಬಾಕ್ಸಿನ ಒಳಗೆ ಇಡಲಿಲ್ಲ. ಬೇಕಾದವರು 199 ಡಾಲರ್ ಕೊಟ್ಟು ಬೇರೆ ಪೆಟ್ಟಿಗೆ ಕೊಳ್ಳಬೇಕಿತ್ತು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಒಂದೇ ಸಾಕೆಂದು ಸಾರಿತು, ಫೆಬ್ರವರಿ 19ಕ್ಕೆ ತೊಷಿಬಾ ಕೈಚೆಲ್ಲಿತು.

ಈ ಜಗಳದಿಂದ ನಾನು ಕಲಿತದ್ದು ಒಂದು. ಹೊಸ ತಂತ್ರಜ್ಞಾನ ಯಾರೂ ಕೇಳದೆಯೇ ಒಳಗಿದ್ದಾಗ ಮಾತ್ರ ಆಟದ ಯಂತ್ರ ಅದನ್ನು ಮನೆಗೆ ಮುಟ್ಟಿಸುತ್ತದೆ. ದಿಬ್ಬಣದ ಬಸ್ಸಿನಲ್ಲಿ ಕೂತು ಬಂದ ದೂರದ ನೆಂಟನನ್ನು ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ತಾನೇ ಬೇರೆ ಟಿಕೆಟ್ ತೆಗೆದು ಬಾ ಎಂದರೆ ಅವನು ಬರುವುದೂ ಇಲ್ಲ. ಬಿಡಿಯಾಗಿ ಕೊಳ್ಳಬೇಕಾದ ಡ್ರೈವ್ ಆ ಎರಡನೆಯ ಬಗೆಯದು.

ಒಳಗಿದ್ದರೂ ಸಾಲದು ಎಂಬುದಕ್ಕೆ ಸೋನಿಯದೇ ಉದಾಹರಣೆಗಳಿವೆ. 2004ರ ಕೊನೆಗೆ ಬಂದ ಪಿ.ಎಸ್.ಪಿ. ಎಂಬ ಕೈಯಂತ್ರಕ್ಕೆ ಯು.ಎಂ.ಡಿ. ಎಂಬ ಪುಟ್ಟ ಬಿಲ್ಲೆ ಮಾಡಿದರು, ಅದರಲ್ಲಿ ಸಿನಿಮಾಗಳನ್ನೂ ಬಿಟ್ಟರು. ಯಂತ್ರ ಕೋಟಿಗಟ್ಟಲೆ ಹೋಯಿತು, ಸಿನಿಮಾ ಬಿಲ್ಲೆಗಳನ್ನು ಕೇಳುವವರಿರಲಿಲ್ಲ. ಅದೇ ಸಿನಿಮಾವನ್ನು ಟಿ.ವಿ.ಯಲ್ಲಿ ನೋಡಲಾಗದ ಬಿಲ್ಲೆಗೆ ಯಾರು ದುಡ್ಡು ಕೊಡುತ್ತಾರೆ? 2010ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಸಾಫ್ಟ್‌ವೇರ್ ಮೂಲಕವೇ ತ್ರೀಡಿ ಕೊಟ್ಟರು. ಆದರೂ ಮನೆಯಲ್ಲಿ ಕನ್ನಡಕ ಹಾಕಿ ಟಿ.ವಿ. ನೋಡುವುದನ್ನು ಜನ ಒಪ್ಪಲಿಲ್ಲ, 2017ರ ಹೊತ್ತಿಗೆ ದೊಡ್ಡ ಕಂಪನಿಗಳು ತ್ರೀಡಿ ಟಿ.ವಿ. ಮಾಡುವುದನ್ನೇ ಬಿಟ್ಟವು. ಇನ್ನು ನಿಂಟೆಂಡೊದ ವೀ. ಅದರಲ್ಲಿ ಎಚ್.ಡಿ. ಇಲ್ಲ, ಡಿವಿಡಿ ಸಿನಿಮಾ ಕೂಡ ಓಡುತ್ತಿರಲಿಲ್ಲ. ಅದೇ 10 ಕೋಟಿ ದಾಟಿ ಪ್ಲೇಸ್ಟೇಷನ್ 3ನ್ನು ಹಿಂದೆ ಹಾಕಿತು. ಆಡುವ ಖುಷಿಯೇ ಬೇರೆ, ಅದರ ಜೊತೆಗೆ ಕಂಪನಿಗಳು ಕಟ್ಟಿ ಕಳಿಸುವ ಗಂಟೇ ಬೇರೆ.

ಭಾರತದಲ್ಲಿ, ಆಟ ಮನೆಗೆ ಏನನ್ನು ತರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊನೆಗೆ ಟಿ.ವಿ.ಯ ಬಳಿ ಸಿಗಲಿಲ್ಲ, ಫೋನಿನಲ್ಲಿ ಸಿಕ್ಕಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್ಜಿ ಮೊಬೈಲ್ ಬಂತು. ನಮ್ಮೂರಿನ ಹುಡುಗರು ಫೋನಿನ ಅಂಗಡಿಯಲ್ಲಿ ರ್‍ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಎಂದು ಕೇಳತೊಡಗಿದ್ದು ಆಮೇಲೆ. 2020ರ ಸೆಪ್ಟೆಂಬರಿನಲ್ಲಿ ಸರಕಾರ ಆ ಆಟವನ್ನು ನಿಷೇಧಿಸಿದಾಗ ಫೋನುಗಳು ಉಳಿದವು, ಅವುಗಳಲ್ಲಿ ಅಪ್ಪ–ಅಮ್ಮ ಯಕ್ಷಗಾನ ನೋಡಿದರು. ನನ್ನ ಅಣ್ಣ ಅಪ್ಪನಿಗೆ ಬರೆದುಕೊಟ್ಟ ಚೀಟಿಯ ವಂಶವೇ ಇದು.

ನನ್ನನ್ನು ಕಾಡುವ ಬದಲಾವಣೆ ಬೇರೆಯದು. ಬಿಲ್ಲೆಯನ್ನು ಮನೆಮನೆಗೆ ಹೊತ್ತು ತಂದ ಆಟದ ಯಂತ್ರವೇ ಈಗ ಅದನ್ನು ಹೊರಗೆ ಹಾಕುತ್ತಿದೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, ಬಿಲ್ಲೆ ಹಾಕುವ ಮಾದರಿಗೆ 49,990 ರೂಪಾಯಿ, ಬಿಲ್ಲೆಯ ಬಾಯಿಯೇ ಇಲ್ಲದ ಡಿಜಿಟಲ್ ಮಾದರಿಗೆ 39,990. 2024ರ ಕೊನೆಗೆ ಹೊರದೇಶಗಳಲ್ಲಿ ಬಂದ ಅದರ 'ಪ್ರೊ' ಮಾದರಿಯಲ್ಲಿ ಡ್ರೈವೇ ಇಲ್ಲ, ಬೇಕಿದ್ದರೆ ಬೇರೆ ಕೊಳ್ಳಬೇಕು. ಬಿಡಿ ಡ್ರೈವಿನ ಹಣೆಬರಹ ಏನಾಗುತ್ತದೆಂದು 2008ರಲ್ಲೇ ನೋಡಿದ್ದೇವೆ. ಹತ್ತು ಸಾವಿರ ಉಳಿಯುವಾಗ ಡ್ರೈವ್ ಬೇಡ ಎನ್ನುವವರನ್ನು ನಾನು ದೂರುವುದಿಲ್ಲ. ಆದರೆ ಬಿಲ್ಲೆ ಹೋದರೆ ಎರವಲು ಹೋಗುತ್ತದೆ. ನಮ್ಮ ಬೇಸಿಗೆಗಳೆಲ್ಲ ನಡೆದದ್ದು ಒಬ್ಬರ ಕ್ಯಾಸೆಟ್ಟು ಇನ್ನೊಬ್ಬರಿಗೆ ದಾಟುವುದರ ಮೇಲೆ. ಇಡೀ ಕೇರಿಗೆ ಒಂದು ಕಾಂಟ್ರಾ ಸಾಕಾಗುತ್ತಿತ್ತು. ಒಬ್ಬರ ಖಾತೆಯೊಳಗೆ ಕೂತ ಐದು ಸಾವಿರದ ಆಟವನ್ನು ಪಕ್ಕದ ಮನೆಯ ಹುಡುಗಿಯ ಕೈಗೆ ಕೊಟ್ಟು ಕಳಿಸುವುದು ಹೇಗೆ? ಅದನ್ನು ಅರ್ಧ ಬೆಲೆಗೆ ಮಾರುವುದು ಹೇಗೆ? ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಹಳೆಯ ಆಟದ ಬಿಲ್ಲೆ ಕೊಟ್ಟು ಬೇರೆಯದು ತರುತ್ತಿದ್ದ ಬೆಂಗಳೂರಿನ ಮಕ್ಕಳಿಗೂ ಇದೇ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಕ್ಯಾಸೆಟ್ ಅಣ್ಣನ ಅಂಗಡಿಗೆ ಹೋಗಿದ್ದೆ. ಅಂಗಡಿ ಅದೇ, ಬೋರ್ಡು ಬೇರೆ. ಈಗ ಅಲ್ಲಿ ಫೈಬರ್ ಕನೆಕ್ಷನ್, ಸೆಟ್‌ಟಾಪ್ ಬಾಕ್ಸ್ ರಿಪೇರಿ. ಕೂದಲು ಪೂರ್ತಿ ಬೆಳ್ಳಗಾಗಿದೆ, ಹೆಸರು ಹಿಡಿದೇ ಕರೆದರು. ಕೂತು ಮಾತಾಡುತ್ತ, ಆ ಜಾಯ್‌ಸ್ಟಿಕ್ ಪ್ಲೇಯರುಗಳ ವಿಷಯ ತೆಗೆದೆ. ನನ್ನ ಎಣಿಕೆಯಲ್ಲಿ ಅವು ಹೋದದ್ದು ಸಿನಿಮಾಕ್ಕಾಗಿ, ಯಕ್ಷಗಾನಕ್ಕಾಗಿ. ಆಟ ಸುಮ್ಮನೆ ಜೊತೆಗೆ ಬಂದದ್ದು. ಅದನ್ನೇ ಹೇಳಿದೆ.

ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಲಿಲ್ಲ. "ಗೇಮ್ ಬೇಕು ಅಂತ ಪ್ಲೇಯರ್ ಕೇಳಿಕೊಂಡು ಯಾರೂ ಬರ್ಲಿಲ್ಲ, ಅದು ಹೌದು. ಬರುವಾಗ ಎಲ್ಲರ ಬಾಯಲ್ಲೂ ಆಟದ್ದು (ಅಂದರೆ ಯಕ್ಷಗಾನದ್ದು) ಸಿ.ಡಿ. ಹೆಸರೇ. ಆದರೆ ನಾನು ಎರಡು ನಮೂನೆ ಇಡ್ತಿದ್ದೆ. ಜಾಯ್‌ಸ್ಟಿಕ್ ಇದ್ದದ್ದು, ಇಲ್ಲದ್ದು. ಇದ್ದದ್ದಕ್ಕೆ ನೂರೈವತ್ತೋ ಇನ್ನೂರೋ ಜಾಸ್ತಿ. ದುಡ್ಡು ಕೊಡುವವರು ಅಜ್ಜ, ಅಪ್ಪ. ಆರಿಸುವುದು ಪಕ್ಕದಲ್ಲಿ ನಿಂತ ಮಕ್ಕಳು. ಇಲ್ಲದ್ದು ಹಾಗೇ ಉಳಿಯಿತು ಮಾರಾಯ್ತಿ, ಧೂಳು ತಿಂದುಕೊಂಡು."

"ಆಮೇಲೆ ಅವನ್ನು ಎಂತ ಮಾಡಿದ್ರಿ?"

"ಅಸಲಿಗೆ ಕೊಟ್ಟೆ, ಭಜನಾ ಮಂದಿರಗಳಿಗೆ. ಅಲ್ಲಿ ಆರಿಸುವಾಗ ಮಕ್ಕಳು ಬರುವುದಿಲ್ಲ ಅಲ್ವಾ?"